ಮಡಿಸುವ ಮುನ್ನ ದಿಕ್ಕು ನೋಡಿ: ಮೇಜಿನ ಮೂಲೆಯಲ್ಲೇ ಮುಗಿಯುವ ಕೈಕೆಲಸಗಳು

ನಗರದ ಮನೆಗಳಲ್ಲಿ ಕೈಕೆಲಸಕ್ಕೆಂದೇ ಒಂದು ಕೋಣೆ ಇರುವುದು ಅಪರೂಪ. ಊಟದ ಮೇಜನ್ನೇ ಒರೆಸಿಕೊಂಡು ಕೂರಬೇಕು, ಮುಂದಿನ ಊಟದೊಳಗೆ ಎಲ್ಲವನ್ನೂ ಎತ್ತಿಡಬೇಕು. ಸುತ್ತಿಗೆ ಹಿಡಿದರೆ ಕೆಳಗಿನ ಮನೆಯವರಿಗೆ ತಲೆನೋವು, ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಮರದ ಪುಡಿ ಹಾರಿದರೆ ಹಾಸಿಗೆಯವರೆಗೂ ಬರುತ್ತದೆ. ಹಾಗಾಗಿ ಸದ್ದು, ಧೂಳು, ಘಾಟು ಯಾವುದೂ ಇಲ್ಲದ ಕೆಲಸಗಳನ್ನೇ ಇಲ್ಲಿ ಆರಿಸಿದ್ದೇನೆ. ಜೇಬಿಗೊಂದು ಹೊಲಿದ ನೋಟ್‌ಬುಕ್, ಹರಿದ ಪ್ಯಾಂಟಿಗೆ ತೇಪೆ, ಡ್ರಾಯರ್‌ಗೆ ರಟ್ಟಿನ ಅಡ್ಡಪಟ್ಟಿ. ಮೂರೂ ದಿನಬಳಕೆಯವು, ನಡುವೆ ಎಲ್ಲಿ ಬೇಕಾದರೂ ನಿಲ್ಲಿಸಿ ನಾಳೆ ಮುಂದುವರಿಸಬಹುದಾದವು.

ಕೈಕೆಲಸ ಕಲಿಸುವವರು ಅಳತೆ, ಬಣ್ಣ, ಅಲಂಕಾರದ ಬಗ್ಗೆ ಬೇಕಾದಷ್ಟು ಹೇಳುತ್ತಾರೆ. ಹೇಳದೆ ಬಿಡುವುದು ಒಂದನ್ನು: ಕಾಗದಕ್ಕೆ, ಬಟ್ಟೆಗೆ, ರಟ್ಟಿಗೆ ಒಂದೊಂದು ದಿಕ್ಕಿದೆ. ಆ ದಿಕ್ಕಿಗೆ ಸರಿಯಾಗಿ ಮಡಿಸಿದರೆ, ಹೊಲಿದರೆ, ಕತ್ತರಿಸಿದರೆ ಹೊಸಬರ ಕೆಲಸವೂ ಅಚ್ಚುಕಟ್ಟಾಗಿ ಕೂರುತ್ತದೆ. ತಿರುಗುಮುರುಗಾದರೆ ನುರಿತವರ ಕೈಯಲ್ಲೂ ಹಾಳೆ ಸೆಟೆಯುತ್ತದೆ, ತೇಪೆ ಮುದುಡುತ್ತದೆ. ನನ್ನ ಪ್ರಕಾರ ದುಬಾರಿ ಸಲಕರಣೆ ಕೊಳ್ಳುವುದಕ್ಕಿಂತ ಮೊದಲು ಕಲಿಯಬೇಕಾದದ್ದು ಇದನ್ನೇ.

ಒಂದು ಡಬ್ಬಿಯಲ್ಲಿ ಹಿಡಿಯುವ ಸಾಮಾನು

30 ಸೆಂ.ಮೀ. ಉದ್ದದ ಸ್ಟೀಲ್ ಸ್ಕೇಲ್, ತುದಿ ಮುರಿದು ಮುಂದೆ ತಳ್ಳುವಂಥ ಬ್ಲೇಡಿನ ಕಟ್ಟರ್, ಕತ್ತರಿ, ಪೆನ್ಸಿಲ್, ಕಾಗದಕ್ಕೆ ತೂತು ಹಾಕಲು ದಬ್ಬಣ, ಎರಡು ಮೂರು ಗಾತ್ರದ ಸೂಜಿಗಳು, ಗಟ್ಟಿ ಹತ್ತಿ ಅಥವಾ ಲಿನನ್ ದಾರ, ಜೇನುಮೇಣದ ಸಣ್ಣ ತುಂಡು, ನಾಲ್ಕು ಬೈಂಡರ್ ಕ್ಲಿಪ್, ಗುಂಡುಪಿನ್. ಇಷ್ಟು ಚಪ್ಪಲಿಯ ಡಬ್ಬಿಯಲ್ಲಿ ಹಿಡಿಯುತ್ತದೆ. ಮಡಿಕೆ ತೀಡಲು ಅಂಗಡಿಗಳಲ್ಲಿ ಮೂಳೆಯ ಅಥವಾ ಪ್ಲಾಸ್ಟಿಕ್‌ನ ಪಟ್ಟಿ ಸಿಗುತ್ತದೆ. ಮನೆಯ ಚಮಚದ ಬೆನ್ನು ಅದೇ ಕೆಲಸ ಮಾಡುತ್ತದೆ.

ಸ್ಕೇಲ್ ಮಾತ್ರ ಲೋಹದ್ದೇ ಇರಲಿ. ಪ್ಲಾಸ್ಟಿಕ್ ಸ್ಕೇಲಿನ ಅಂಚನ್ನು ಕಟ್ಟರ್ ಕೆತ್ತಿಕೊಂಡು ಹೋಗುತ್ತದೆ, ಬ್ಲೇಡ್ ಅಂಚು ಹತ್ತಿ ಬೆರಳಿನತ್ತಲೂ ಬರಬಹುದು. ಕತ್ತರಿಸುವಾಗ ಕೆಳಗೆ ಕಟಿಂಗ್ ಮ್ಯಾಟ್ ಅಥವಾ ದಪ್ಪ ರಟ್ಟು ಹಾಸಿ, ಎದ್ದು ನಿಂತು ಕತ್ತರಿಸಿ. ಕೂತರೆ ಬ್ಲೇಡ್ ಎಲ್ಲಿ ಹೋಗುತ್ತಿದೆ ಎಂಬುದು ಓರೆಯಾಗಿ ಕಾಣುತ್ತದೆ, ಕೈಗೆ ಸಮನಾದ ಬಲವೂ ಸಿಗುವುದಿಲ್ಲ. ಒಂದೇ ಏಟಿಗೆ ಕತ್ತರಿಸುವ ಹಟ ಬೇಡ. ಹಗುರವಾಗಿ ಐದಾರು ಸಲ ಎಳೆದರೆ ಅಂಚು ನೇರವಾಗಿ ಬರುತ್ತದೆ.

ಕಾಗದದ ದಿಕ್ಕು ಪತ್ತೆ ಮಾಡುವುದು

ಕಾಗದದ ಯಂತ್ರದಲ್ಲಿ ನೀರಿನೊಂದಿಗೆ ಬೆರೆತ ನಾರು ಓಡುವ ಜಾಲರಿಯ ಮೇಲೆ ಹರಡಿಕೊಳ್ಳುತ್ತದೆ. ಜಾಲರಿ ಓಡುವ ಕಡೆಗೇ ಹೆಚ್ಚಿನ ನಾರುಗಳು ತಲೆ ಮಾಡಿ ಮಲಗುತ್ತವೆ. ಕಾಗದ ಒಣಗಿದ ಮೇಲೂ ಆ ಸಾಲು ಉಳಿಯುತ್ತದೆ. ನಾರಿನ ಸಾಲಿಗುಂಟ ಮಡಿಸಿದರೆ ಮಡಿಕೆ ಚೂಪಾಗಿ ಕೂರುತ್ತದೆ. ಅಡ್ಡಲಾಗಿ ಮಡಿಸಿದರೆ ನಾರುಗಳು ಮುರಿಯಬೇಕಾಗುತ್ತದೆ, ಮಡಿಕೆ ಬಿರುಕು ಬಿಡುತ್ತದೆ, ಪುಸ್ತಕ ಪೂರ್ತಿ ತೆರೆದೂ ನಿಲ್ಲುವುದಿಲ್ಲ, ಪೂರ್ತಿ ಮುಚ್ಚಿಯೂ ಕೂರುವುದಿಲ್ಲ. ಒದ್ದೆಯಾದಾಗ ನಾರು ಉದ್ದಕ್ಕೆ ಬೆಳೆಯುವುದು ತೀರಾ ಕಡಿಮೆ, ದಪ್ಪಕ್ಕೆ ಉಬ್ಬುವುದೇ ಹೆಚ್ಚು. ಅಂಟು ಹಚ್ಚಿದ ಹೊದಿಕೆಗಳು ಸೊಟ್ಟಗಾಗಲು ಇದೂ ಒಂದು ಕಾರಣ.

ಪತ್ತೆ ಮಾಡುವ ದಾರಿಗಳು ಹಲವು. ದಿನಪತ್ರಿಕೆಯನ್ನು ಮೇಲಿನಿಂದ ಕೆಳಕ್ಕೆ ಹರಿದು ನೋಡಿ, ಸಾಮಾನ್ಯವಾಗಿ ನೇರವಾಗಿ ಹರಿಯುತ್ತದೆ. ಅಡ್ಡಕ್ಕೆ ಹರಿದರೆ ಅಂಕುಡೊಂಕು. ನೇರವಾಗಿ ಹರಿದ ಕಡೆಯೇ ನಾರಿನ ಸಾಲು. ಬಿಳಿ ಹಾಳೆಯಲ್ಲಿ ಇಷ್ಟು ಸ್ಪಷ್ಟವಾಗಿ ತಿಳಿಯದಿದ್ದರೆ, ಒಂದು ಸೆಂ.ಮೀ. ಅಗಲ, 15 ಸೆಂ.ಮೀ. ಉದ್ದದ ಎರಡು ಪಟ್ಟಿ ಕತ್ತರಿಸಿ. ಒಂದು ಹಾಳೆಯ ಉದ್ದಕ್ಕೆ, ಇನ್ನೊಂದು ಅಗಲಕ್ಕೆ. ಯಾವುದು ಯಾವುದೆಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ಎರಡನ್ನೂ ಒಂದರ ಮೇಲೊಂದಿಟ್ಟು ಒಂದು ತುದಿಯನ್ನು ಹಿಡಿದು ಗಾಳಿಯಲ್ಲಿ ಅಡ್ಡಲಾಗಿ ಚಾಚಿ. ಮೇಲಿನದು ಕೆಳಗೆ, ಕೆಳಗಿನದು ಮೇಲೆ ಮಾಡಿ ಇನ್ನೊಮ್ಮೆ ಹಿಡಿಯಿರಿ. ಒಂದು ಸಲ ಎರಡೂ ಅಂಟಿಕೊಂಡಿರುತ್ತವೆ, ಇನ್ನೊಂದು ಸಲ ಕೆಳಗಿನದು ಜೋತು ಬೀಳುತ್ತದೆ. ಜೋತು ಬಿದ್ದದ್ದು ನಾರಿಗೆ ಅಡ್ಡವಾಗಿ ಕತ್ತರಿಸಿದ ಪಟ್ಟಿ, ಸೆಟೆದು ನಿಂತದ್ದರ ಉದ್ದಕ್ಕೇ ನಾರು ಓಡಿದೆ.

ದಪ್ಪ ಕಾಗದಕ್ಕೆ ಇನ್ನೂ ಸುಲಭ ಉಪಾಯ: ಚೌಕನೆಯ ತುಂಡೊಂದರ ಒಂದೇ ಬದಿಯನ್ನು ಒದ್ದೆ ಬೆರಳಿನಿಂದ ಸವರಿ. ಅದು ಸುರುಳಿಯಾಗಿ ಕೊಳವೆಯಂತಾಗುತ್ತದೆ. ಕೊಳವೆ ಉದ್ದ ಮಲಗಿರುವ ಕಡೆಯೇ ನಾರಿನ ದಿಕ್ಕು.

ಜೇಬಿನ ನೋಟ್‌ಬುಕ್

ಕಚೇರಿಗಳಲ್ಲಿ ಬಳಸುವ ಎ4 ಹಾಳೆಯ ಅಳತೆ 210 × 297 ಮಿ.ಮೀ. ಜರ್ಮನಿಯ ವಾಲ್ಟರ್ ಪೋರ್ಸ್ಟ್‌ಮನ್ ರೂಪಿಸಿದ ಈ ಅಳತೆಗಳ ಸರಣಿ 1922ರಲ್ಲಿ ಅಲ್ಲಿನ ರಾಷ್ಟ್ರೀಯ ಮಾನದಂಡವಾಯಿತು, ಆಮೇಲೆ ಅಂತರರಾಷ್ಟ್ರೀಯ ಮಾನದಂಡವೂ ಆಯಿತು. ಅಗಲಕ್ಕೆ ಉದ್ದ ಸುಮಾರು 1.414 ಪಟ್ಟು. ಈ ಲೆಕ್ಕದಿಂದಾಗಿ ಹಾಳೆಯನ್ನು ಅರ್ಧಕ್ಕೆ ಕತ್ತರಿಸಿದರೂ ಆಕಾರ ಬದಲಾಗುವುದಿಲ್ಲ. ಎ4ರ ಅರ್ಧ ಎ5, ಅದರ ಅರ್ಧ ಎ6.

ಎ4 ಹಾಳೆಗಳಲ್ಲಿ ನಾರು ಸಾಮಾನ್ಯವಾಗಿ ಉದ್ದಕ್ಕೆ, ಅಂದರೆ 297 ಮಿ.ಮೀ. ಬದಿಗುಂಟ ಇರುತ್ತದೆ. ಅದನ್ನು ನೇರವಾಗಿ ನಡುವೆ ಮಡಿಸಿ ಎ5 ಪುಸ್ತಕ ಮಾಡಿದರೆ ಮಡಿಕೆ ನಾರಿಗೆ ಅಡ್ಡವಾಗುತ್ತದೆ. ಮನೆಯಲ್ಲಿ ಹೊಲಿದ ಎಷ್ಟೋ ಎ5 ಪುಸ್ತಕಗಳು ಬಾಯಿ ಬಿಟ್ಟುಕೊಂಡೇ ಇರಲು ಕಾರಣ ಇದು. ಆದರೆ ಅದೇ ಹಾಳೆಯನ್ನು ಮೊದಲು ಎರಡಾಗಿ ಕತ್ತರಿಸಿ, ಆ ಅರ್ಧವನ್ನು ಮಡಿಸಿದರೆ ಮಡಿಕೆ ಸರಿಯಾಗಿ ನಾರಿಗುಂಟ ಬರುತ್ತದೆ. ಸಿಗುವುದು 105 × 148 ಮಿ.ಮೀ. ಅಳತೆಯ ಎ6, ಅಂಗೈ ಅಗಲದ ಪುಸ್ತಕ. ಹಾಗಾಗಿ ಎ4 ಕಾಗದದಿಂದ ಮಾಡುವವರಿಗೆ ಎ6 ನೋಟ್‌ಬುಕ್ಕೇ ವಾಸಿ ಎಂದು ಧೈರ್ಯವಾಗಿ ಹೇಳುತ್ತೇನೆ. ಎ5 ಬೇಕೇ ಬೇಕೆಂದಾದರೆ ಎ3 ಹಾಳೆ ತಂದು, ಅದರ ನಾರೂ ಉದ್ದಕ್ಕೇ ಇದೆಯೆಂದು ನೋಡಿಕೊಂಡು, ಅರ್ಧಕ್ಕೆ ಕತ್ತರಿಸಿ ಮಡಿಸಿ.

1. 80 ಜಿಎಸ್‌ಎಂನ (ಚದರ ಮೀಟರಿಗೆ 80 ಗ್ರಾಂ ತೂಗುವ) ನಾಲ್ಕು ಎ4 ಹಾಳೆ ತೆಗೆದುಕೊಂಡು ಎರಡೆರಡಾಗಿ ಕತ್ತರಿಸಿ. ಎಂಟು ಅರ್ಧಗಳಾದವು. ಮಡಿಸಿದರೆ 16 ಎಲೆ, 32 ಪುಟ.

2. ಪ್ರತಿ ಅರ್ಧವನ್ನೂ ಬೇರೆಬೇರೆಯಾಗಿ ಮಡಿಸಿ, ಚಮಚದ ಬೆನ್ನಿನಿಂದ ನಡುವಿನಿಂದ ಎರಡೂ ತುದಿಗಳ ಕಡೆಗೆ ತೀಡಿ. ಎಂಟನ್ನೂ ಒಟ್ಟಿಗೆ ಮಡಿಸುವ ಆತುರ ಬೇಡ. ಹೊರಗಿನ ಹಾಳೆಯ ಮಡಿಕೆ ದುಂಡಗಾಗಿಬಿಡುತ್ತದೆ. ಆಮೇಲೆ ಒಂದರೊಳಗೊಂದು ಸೇರಿಸಿ.

3. ಹೊದಿಕೆಗೆ 200ರಿಂದ 250 ಜಿಎಸ್‌ಎಂನ ದಪ್ಪ ಕಾಗದ ಸಾಕು. ಹಳೆಯ ಕ್ಯಾಲೆಂಡರ್ ಹಾಳೆ, ಗಟ್ಟಿ ಆಮಂತ್ರಣ ಪತ್ರ ಯಾವುದಾದರೂ ಆದೀತು. 150 × 215 ಮಿ.ಮೀ. ಅಳತೆಗೆ ಕತ್ತರಿಸಿ. ನಾರಿನ ದಿಕ್ಕು 150ರ ಬದಿಗುಂಟ ಇರಬೇಕು. ಮಡಿಸುವ ಗೆರೆಯನ್ನು ಬರೆಯದ ಪೆನ್ನಿನ ಮೊನೆಯಿಂದ ಸ್ಕೇಲಿಗುಂಟ ಒತ್ತಿ ಎಳೆದು, ಆಮೇಲೆ ಮಡಿಸಿ.

4. ಹಾಳೆಗಳನ್ನು ಹೊದಿಕೆಯೊಳಗಿಟ್ಟು ನಡುಪುಟ ತೆರೆಯಿರಿ. ಎರಡೂ ಕಡೆ ಬೈಂಡರ್ ಕ್ಲಿಪ್ ಹಾಕಿ, ಕೆಳಗೆ ಕಾಗದದ ಚೂರು ಮಡಿಸಿಟ್ಟರೆ ಕ್ಲಿಪ್ಪಿನ ಕಲೆ ಬೀಳುವುದಿಲ್ಲ. ಮಡಿಕೆಯ ನಟ್ಟನಡುವೆ ಒಂದು ಗುರುತು, ಮೇಲಿನಿಂದ ಮತ್ತು ಕೆಳಗಿನಿಂದ 25 ಮಿ.ಮೀ. ಬಿಟ್ಟು ಒಂದೊಂದು.

5. ದಬ್ಬಣವನ್ನು ಒಳಗಿನಿಂದ ಹೊರಕ್ಕೆ, ಸರಿಯಾಗಿ ಮಡಿಕೆಯ ಗೆರೆಯಲ್ಲೇ ಇಳಿಸಿ. ಇಡೀ ಪುಸ್ತಕವನ್ನು ಪೂರ್ತಿ ಚಪ್ಪಟೆ ಮಾಡದೆ ಅರ್ಧ ತೆರೆದ ಸ್ಥಿತಿಯಲ್ಲಿ ಹಿಡಿದರೆ ಮೊನೆ ಬೆನ್ನಿನ ನಡುವಿನಿಂದಲೇ ಹೊರಬರುತ್ತದೆ. ತೂತು ಸೂಜಿ ಹಾಯುವಷ್ಟೇ ಇರಲಿ.

6. ದಾರ 45 ಸೆಂ.ಮೀ., ಅಂದರೆ ಪುಸ್ತಕದ ಎತ್ತರದ ಮೂರು ಪಟ್ಟು. ಅದನ್ನು ಜೇನುಮೇಣದ ಮೇಲೆ ಒತ್ತಿ ಎರಡು ಸಲ ಎಳೆಯಿರಿ. ಮೇಣ ಹಚ್ಚಿದ ದಾರ ಸಿಕ್ಕಾಗುವುದಿಲ್ಲ, ಗಂಟೂ ಜಾರುವುದಿಲ್ಲ.

7. ಒಳಗಿನಿಂದ ನಡುತೂತಿನಲ್ಲಿ ಹೊರಕ್ಕೆ ಬನ್ನಿ, 10 ಸೆಂ.ಮೀ. ದಾರ ಒಳಗೇ ಉಳಿಯಲಿ. ಹೊರಗಿನಿಂದ ಮೇಲಿನ ತೂತಿನಲ್ಲಿ ಒಳಕ್ಕೆ. ಒಳಗೆ ನಡುತೂತನ್ನು ದಾಟಿ ನೇರ ಕೆಳಗಿನ ತೂತಿಗೆ ಹೋಗಿ ಹೊರಕ್ಕೆ. ಹೊರಗಿನಿಂದ ಮತ್ತೆ ನಡುತೂತಿನಲ್ಲಿ ಒಳಕ್ಕೆ. ಎರಡನೇ ಸಲ ಸೂಜಿ ಹಾಯುವಾಗ ಮೊದಲಿನ ದಾರವನ್ನೇ ಚುಚ್ಚಿಬಿಡುವ ಸಂಭವ ಇದೆ, ಅದನ್ನು ಒಂದು ಬದಿಗೆ ಎಳೆದು ಹಿಡಿದುಕೊಳ್ಳಿ.

8. ಈಗ ದಾರದ ಎರಡು ತುದಿಗಳೂ ಒಳಗೆ, ನಡುತೂತಿನಲ್ಲಿವೆ. ಒಂದು ತುದಿ ಉದ್ದ ಹೊಲಿಗೆಯ ಎಡಕ್ಕೆ, ಇನ್ನೊಂದು ಬಲಕ್ಕೆ ಬರಬೇಕು. ಆ ಉದ್ದ ಎಳೆ ಗಂಟಿನೊಳಗೆ ಸಿಕ್ಕಿಕೊಳ್ಳಲೆಂದೇ ಹೀಗೆ. ಮಡಿಕೆಗುಂಟ, ಕಾಗದಕ್ಕೆ ಸಮನಾಗಿ ದಾರವನ್ನು ಬಿಗಿಯಿರಿ. ಮೇಲಕ್ಕೆ ಎಳೆದರೆ ತೂತು ಹರಿಯುತ್ತದೆ. ಮೊದಲು ಎಡದ ತುದಿ ಬಲದ ಮೇಲೆ, ಆಮೇಲೆ ಬಲದ್ದು ಎಡದ ಮೇಲೆ ಬರುವಂತೆ ಎರಡು ಗಂಟು ಹಾಕಿ. ಎರಡೂ ಸಲ ಒಂದೇ ಕಡೆಯಿಂದ ಹಾಕಿದ ಗಂಟು ಜಾರುತ್ತದೆ. ಒಂದು ಸೆಂ.ಮೀ. ಉಳಿಸಿ ತುದಿ ಕತ್ತರಿಸಿ.

9. ಪುಸ್ತಕ ಮುಚ್ಚಿದಾಗ ಒಳಗಿನ ಹಾಳೆಗಳ ಅಂಚು ಹೊರಗಿನವಕ್ಕಿಂತ ತುಸು ಮುಂದೆ ಚಾಚಿರುತ್ತದೆ. ಅಳತೆ ತಪ್ಪಿದ್ದರಿಂದ ಹೀಗಾದದ್ದಲ್ಲ, ಹಾಳೆಗಳ ದಪ್ಪ ಹಾಗೆ ತಳ್ಳುತ್ತದೆ. ಭಾರದ ಪುಸ್ತಕಗಳ ಕೆಳಗೆ ಒಂದು ರಾತ್ರಿ ಇಟ್ಟು, ಬೆಳಿಗ್ಗೆ ಸ್ಕೇಲಿಟ್ಟು ಹೊದಿಕೆಯ ಸಮೇತ ಮುಂದಿನ ಅಂಚನ್ನು, ಬೇಕಿದ್ದರೆ ಮೇಲು ಕೆಳಗನ್ನೂ ಒಪ್ಪ ಮಾಡಿ. ಈ ಹೊತ್ತಿಗೆ ಕಟ್ಟರಿನ ತುದಿ ಹೊಸದಿರಬೇಕು. ಮೊಂಡು ಬ್ಲೇಡ್ ಕೊನೆಯ ಹಾಳೆಗಳನ್ನು ಕತ್ತರಿಸದೆ ಹಿಂಜುತ್ತದೆ.

ಒಂದು ಬದಿ ಮುದ್ರಣವಾದ ಹಾಳೆಗಳು

ಪ್ರಿಂಟರ್ ಪಕ್ಕದಲ್ಲಿ ರಾಶಿ ಬೀಳುವ ಹಾಳೆಗಳನ್ನು ಮೇಲಿನ ವಿಧಾನದಲ್ಲಿ ಹೊಲಿದರೆ ಅಕ್ಷರ ತುಂಬಿದ ಪುಟಗಳು ಖಾಲಿ ಪುಟಗಳ ನಡುವೆ ನುಗ್ಗಿ ಕಾಟ ಕೊಡುತ್ತವೆ. ಅದಕ್ಕೆ ಜಪಾನಿನ ಹಳೆಯ ಕಟ್ಟುವ ವಿಧಾನವೇ ಸೂಕ್ತ. ಮಡಿಕೆ ಬೆನ್ನಿನ ಕಡೆ ಇರುವುದಿಲ್ಲ, ಎದುರಿನ ಅಂಚಿಗೆ ಬರುತ್ತದೆ. ಬಿಡಿ ಅಂಚುಗಳೆಲ್ಲ ಬೆನ್ನಿನ ಕಡೆ ಸೇರುತ್ತವೆ. ಮುದ್ರಣ ಇರುವ ಬದಿಯನ್ನು ಒಳಗೆ ಹಾಕಿ ಮಡಿಸಿದರೆ ಅಕ್ಷರಗಳು ಜೇಬಿನಂಥ ಎಲೆಯೊಳಗೆ ಮುಚ್ಚಿಹೋಗುತ್ತವೆ. ಎರಡು ಪದರ ಇರುವುದರಿಂದ ಶಾಯಿಯೂ ಆಚೆ ಬದಿಗೆ ಕಾಣುವುದು ಕಡಿಮೆ. ಬ್ಯಾಂಕಿನ ಲೆಕ್ಕ, ವೈದ್ಯರ ವರದಿಯಂಥವನ್ನು ಮಾತ್ರ ಇದಕ್ಕೆ ಬಳಸಬೇಡಿ. ಒಳಗೆ ಇಣುಕಿದರೆ ಓದಬಹುದು.

ಇಲ್ಲೂ ಎ4ನ್ನು ಅರ್ಧ ಮಾಡಿ, ಅದನ್ನು ಮಡಿಸಿ. 20 ಅರ್ಧಗಳಿದ್ದರೆ 40 ಬರೆಯುವ ಪುಟ. ಮೇಲೊಂದು ಕೆಳಗೊಂದು ದಪ್ಪ ಕಾಗದ ಇಟ್ಟು ಕ್ಲಿಪ್ ಹಾಕಿ. ಬೆನ್ನಿನಿಂದ 10 ಮಿ.ಮೀ. ಒಳಗೆ ಒಂದು ಗೆರೆ ಎಳೆದು, ಮೇಲಿನಿಂದ 15, 54, 94, 133 ಮಿ.ಮೀ.ಗೆ ನಾಲ್ಕು ತೂತು ಹಾಕಿ. ದಾರ ಎತ್ತರದ ಐದು ಪಟ್ಟು.

ತೂತುಗಳನ್ನು ಮೇಲಿನಿಂದ ಒಂದು, ಎರಡು, ಮೂರು, ನಾಲ್ಕು ಎಂದಿಟ್ಟುಕೊಳ್ಳೋಣ. ಬೆನ್ನಿನ ಕಡೆ ಕೆಲವು ಹಾಳೆ ಎತ್ತಿ, ಅವುಗಳ ನಡುವಿನಿಂದ ಎರಡನೇ ತೂತಿನ ಮೂಲಕ ಮುಂಬದಿಗೆ ಬನ್ನಿ. ತುದಿ ಹಾಳೆಗಳ ನಡುವೆ ಅಡಗಿರಲಿ. ಬೆನ್ನನ್ನು ಸುತ್ತಿ ಹಿಂಬದಿಯಿಂದ ಅದೇ ತೂತಿನಲ್ಲಿ ಮತ್ತೆ ಮುಂದಕ್ಕೆ. ಮೂರನೆಯದರಲ್ಲಿ ಹಿಂದಕ್ಕೆ ಇಳಿದು, ಬೆನ್ನು ಸುತ್ತಿ, ಅದರಲ್ಲೇ ಮತ್ತೆ ಇಳಿಯಿರಿ. ನಾಲ್ಕನೆಯದರಲ್ಲಿ ಮುಂದಕ್ಕೆ ಬಂದು ಬೆನ್ನು ಒಂದು ಸುತ್ತು, ಕೆಳಗಿನ ಅಂಚು ಒಂದು ಸುತ್ತು. ಈಗ ವಾಪಸ್ ಪ್ರಯಾಣ: ಮೂರರಲ್ಲಿ ಹಿಂದಕ್ಕೆ, ಎರಡರಲ್ಲಿ ಮುಂದಕ್ಕೆ, ಒಂದರಲ್ಲಿ ಹಿಂದಕ್ಕೆ. ಅಲ್ಲಿ ಬೆನ್ನಿಗೂ ಮೇಲಿನ ಅಂಚಿಗೂ ಒಂದೊಂದು ಸುತ್ತು. ಕೊನೆಗೆ ಹಿಂಬದಿಯಿಂದ ಎರಡನೇ ತೂತಿಗೆ ಹೊಕ್ಕು, ಮೊದಲು ಅಡಗಿಸಿದ ತುದಿ ಇರುವ ಹಾಳೆಗಳ ನಡುವೆಯೇ ಸೂಜಿ ಹೊರತೆಗೆದು ಗಂಟು ಹಾಕಿ. ಓದುವಾಗ ಗೋಜಲು ಎನಿಸಿದರೂ ಕೈಯಲ್ಲಿ ಸೂಜಿ ಇದ್ದಾಗ ಖಾಲಿ ಉಳಿದ ಜಾಗವೇ ಮುಂದಿನ ದಾರಿ ತೋರಿಸುತ್ತದೆ.

ಈ ಪುಸ್ತಕ ಪೂರ್ತಿ ಚಪ್ಪಟೆಯಾಗಿ ತೆರೆಯುವುದಿಲ್ಲ. ಬೆನ್ನಿನ ಕಡೆ ಎರಡು ಸೆಂ.ಮೀ. ಬಿಟ್ಟೇ ಬರೆಯಬೇಕು. ಫೋನಿನ ಪಕ್ಕ ಇಡುವ ಟಿಪ್ಪಣಿ ಪುಸ್ತಕಕ್ಕೆ ಅದೇನೂ ದೊಡ್ಡ ಕೊರತೆಯಲ್ಲ.

ಮೊಣಕಾಲಿನ ತೇಪೆ

ನೇಯ್ದ ಬಟ್ಟೆಯಲ್ಲಿ ದಿಕ್ಕು ಕಣ್ಣಿಗೇ ಕಾಣುತ್ತದೆ: ಉದ್ದಕ್ಕೆ ಓಡುವ ನೂಲು ಹಾಸು, ಅದಕ್ಕೆ ಅಡ್ಡವಾಗಿ ಹಾಯುವುದು ಹೊಕ್ಕು. ಹಾಸಿನ ಕಡೆ ಎಳೆದರೆ ಬಟ್ಟೆ ಹಿಗ್ಗುವುದಿಲ್ಲ, ಹೊಕ್ಕಿನ ಕಡೆ ತುಸು ಹಿಗ್ಗುತ್ತದೆ, ಓರೆಯಾಗಿ ಎಳೆದರೆ ಚೆನ್ನಾಗಿಯೇ ಹಿಗ್ಗುತ್ತದೆ. ಜೀನ್ಸ್‌ನಲ್ಲಿ ನೀಲಿ ಬಣ್ಣ ಹಾಕುವುದು ಹಾಸಿನ ನೂಲಿಗೆ, ಹೊಕ್ಕು ಬಿಳಿ. ಮೊಣಕಾಲಿನಲ್ಲಿ ಸವೆದಾಗ ಅಡ್ಡಡ್ಡ ಉಳಿಯುವ ಬಿಳಿ ಎಳೆಗಳು ಆ ಹೊಕ್ಕೇ. ಅವನ್ನು ಕತ್ತರಿಸಿ ಎಸೆಯಬೇಡಿ, ತೇಪೆಗೆ ಅವು ಆಧಾರ.

ತೇಪೆಯ ಬಟ್ಟೆ ಮೂಲ ಬಟ್ಟೆಯಷ್ಟೇ ದಪ್ಪ ಇರಲಿ ಅಥವಾ ತುಸು ತೆಳು. ಹಳೆಯ ಬಟ್ಟೆಗೆ ಹೊಚ್ಚಹೊಸ ಗಟ್ಟಿ ತುಂಡು ಕೂರಿಸಿದರೆ ತೇಪೆ ಉಳಿದು ಅದರ ಸುತ್ತಲೇ ಹರಿಯುತ್ತದೆ. ಹೊಸ ಬಟ್ಟೆಯನ್ನೇ ಬಳಸುವುದಾದರೆ ಒಗೆದು, ಒಣಗಿಸಿ, ಕುಗ್ಗುವಷ್ಟು ಕುಗ್ಗಿದ ಮೇಲೆ ಕತ್ತರಿಸಿ. ತೂತಿಗಿಂತ ಎಲ್ಲ ಕಡೆ ಎರಡು ಸೆಂ.ಮೀ. ಹೆಚ್ಚು, ಮೂಲೆಗಳು ದುಂಡಗೆ. ಹಾಸು ಹಾಸಿಗೇ, ಹೊಕ್ಕು ಹೊಕ್ಕಿಗೇ ಕೂಡುವಂತೆ ಒಳಬದಿಯಲ್ಲಿಟ್ಟು ಗುಂಡುಪಿನ್ ಚುಚ್ಚಿ. ಕಾಲಿನ ಕೊಳವೆಯೊಳಗೆ ಹಳೆಯ ನಿಯತಕಾಲಿಕೆಯೊಂದನ್ನು ತೂರಿಸಿ, ಇಲ್ಲದಿದ್ದರೆ ಮುಂದು ಹಿಂದು ಎರಡೂ ಸೇರಿ ಹೊಲಿದುಹೋಗುತ್ತದೆ. ಮೊದಲು ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿ ಪಿನ್ ತೆಗೆದುಬಿಡಿ. ಪ್ಯಾಂಟನ್ನು ಎತ್ತಿ ಹಿಡಿದು ಸುಕ್ಕಿದೆಯೇ ನೋಡಲು ಇದೇ ಸರಿಯಾದ ಹೊತ್ತು.

ಮುಖ್ಯ ಹೊಲಿಗೆಗೆ ದಾರ ಕೈಯುದ್ದಕ್ಕಿಂತ ಕಡಿಮೆ, 50 ಸೆಂ.ಮೀ. ಸಾಕು. ಉದ್ದ ದಾರ ಪ್ರತಿ ಸಲ ಬಟ್ಟೆಯಲ್ಲಿ ಉಜ್ಜಿ ಸವೆಯುತ್ತದೆ, ಸಿಕ್ಕೂ ಆಗುತ್ತದೆ. ತೂತಿನ ಅಂಚಿನಿಂದ ಒಂದೂವರೆ ಸೆಂ.ಮೀ. ಆಚೆಯಿಂದ ಶುರುಮಾಡಿ, 3ರಿಂದ 4 ಮಿ.ಮೀ. ಉದ್ದದ ಸಾದಾ ಹೊಲಿಗೆಯ ಸಾಲುಗಳು, ಸಾಲಿಂದ ಸಾಲಿಗೆ 5 ಮಿ.ಮೀ. ಪ್ರತಿ ಸಾಲು ತಿರುಗುವಲ್ಲಿ ದಾರವನ್ನು ಬಿಗಿಯದೆ ಒಳಬದಿಯಲ್ಲಿ ಎರಡು ಮೂರು ಮಿ.ಮೀ. ಸಡಿಲ ಕುಣಿಕೆ ಬಿಡಿ. ಮೊಣಕಾಲು ಮಡಿಸಿದಾಗ ಬಟ್ಟೆ ಎಳೆದುಕೊಳ್ಳಲು ಆ ಸಡಿಲ ಬೇಕು. ಇದನ್ನೊಂದು ಮರೆತರೆ ಎಷ್ಟು ಅಂದದ ಹೊಲಿಗೆಯೂ ಮೊದಲ ಒಗೆತಕ್ಕೆ ಮುದುಡುತ್ತದೆ. ತೀರಾ ಸವೆದ ಜಾಗವಾದರೆ ಅಡ್ಡಕ್ಕೂ ಇನ್ನೊಂದು ಸುತ್ತು ಸಾಲು ಹಾಕಿ. ಕೊನೆಗೆ ದಪ್ಪ ಗಂಟು ಬೇಡ, ಚರ್ಮಕ್ಕೆ ಒತ್ತುತ್ತದೆ. ಹಿಂದಿನ ಹೊಲಿಗೆಗಳೊಳಗೇ ನಾಲ್ಕೈದು ಸಲ ಸೂಜಿ ಹಾಯಿಸಿ ಕತ್ತರಿಸಿದರೆ ಸಾಕು.

ದಾರದ ಬಣ್ಣದ ಮಾತು. ಬಟ್ಟೆಗೆ ಹೊಂದುವ ಬಣ್ಣ ಹುಡುಕಿ ತೇಪೆಯನ್ನು ಮರೆಮಾಚುವ ಪ್ರಯತ್ನ ಜೀನ್ಸ್‌ನಲ್ಲಿ ಬಹುತೇಕ ಸೋಲುತ್ತದೆ. ಬಟ್ಟೆಯ ನೀಲಿ ಒಗೆದಂತೆಲ್ಲ ಮಾಸುತ್ತದೆ, ದಾರದ್ದು ಹಾಗೇ ಉಳಿಯುತ್ತದೆ. ಬಿಳಿಯೋ ಕೆಂಪೋ ಎದ್ದು ಕಾಣುವ ದಾರ ಹಾಕಿದರೆ ತೇಪೆ ಬೇಕೆಂದೇ ಮಾಡಿದ ವಿನ್ಯಾಸವಾಗುತ್ತದೆ. ಟೀ ಶರ್ಟಿನಂಥ ಹೆಣಿಗೆಯ ಬಟ್ಟೆಗೆ ಮಾತ್ರ ನೇಯ್ದ ತೇಪೆ ಒಗ್ಗುವುದಿಲ್ಲ. ಅಲ್ಲಿಗೆ ಇನ್ನೊಂದು ಟೀ ಶರ್ಟಿನ ತುಂಡೇ ಬೇಕು.

ಡ್ರಾಯರ್‌ನ ಅಡ್ಡಪಟ್ಟಿ

ಪಾರ್ಸಲ್ ಬರುವ ಪೆಟ್ಟಿಗೆಯ ರಟ್ಟನ್ನು ಅಂಚಿನಿಂದ ನೋಡಿ. ಎರಡು ಹಾಳೆಗಳ ನಡುವೆ ಅಲೆಅಲೆಯಾದ ಕಾಗದ, ಅದರಿಂದಾದ ಸಣ್ಣ ಕೊಳವೆಗಳ ಸಾಲು. ಕೊಳವೆ ನೆಟ್ಟಗೆ ನಿಂತಿದ್ದರೆ ರಟ್ಟು ಭಾರ ಹೊರುತ್ತದೆ. ಪೆಟ್ಟಿಗೆಗಳ ಗೋಡೆಯಲ್ಲಿ ಸಾಮಾನ್ಯವಾಗಿ ಹಾಗೇ ಇರುತ್ತದೆ. ಆದರೆ ಅದೇ ರಟ್ಟು ಕೊಳವೆಗಳ ನಡುವಿನ ಗೆರೆಯಲ್ಲಿ ಸುಲಭವಾಗಿ ಬಾಗುತ್ತದೆ. ಡ್ರಾಯರ್‌ನ ಅಡ್ಡಪಟ್ಟಿ ಭಾರ ಹೊರಬೇಕಾಗಿಲ್ಲ, ಬಾಗದೆ ನಿಂತರೆ ಸಾಕು. ಆದ್ದರಿಂದ ಇಲ್ಲಿ ಕೊಳವೆಗಳು ಪಟ್ಟಿಯ ಉದ್ದಕ್ಕೆ ಮಲಗಿರಲಿ. ಲ್ಯಾಪ್‌ಟಾಪ್ ಎತ್ತರಿಸುವ ಆಸರೆ ಮಾಡುವುದಾದರೆ ಲೆಕ್ಕ ತಿರುವುಮುರುವು: ಕೊಳವೆಗಳು ನಿಂತಿರಬೇಕು.

ಡ್ರಾಯರ್‌ನ ಒಳ ಆಳಕ್ಕಿಂತ 5 ಮಿ.ಮೀ. ಕಡಿಮೆ ಎತ್ತರದ ಪಟ್ಟಿಗಳನ್ನು ಕತ್ತರಿಸಿ. ಉದ್ದ ಡ್ರಾಯರ್‌ನ ಗೋಡೆಗೆ ತಾಗುವಷ್ಟು. ಅಡ್ಡ ಬರುವ ಪಟ್ಟಿಗಳು ಕೂಡುವಲ್ಲಿ ಒಂದಕ್ಕೆ ಮೇಲಿನಿಂದ, ಇನ್ನೊಂದಕ್ಕೆ ಕೆಳಗಿನಿಂದ, ಎತ್ತರದ ಅರ್ಧದವರೆಗೆ ಸೀಳು ಮಾಡಿ. ಸೀಳಿನ ಅಗಲ ರಟ್ಟಿನ ದಪ್ಪದಷ್ಟೇ ಇರಬೇಕು. ಒಂದು ಪದರದ ರಟ್ಟು ಹಲವು ಬಾರಿ 3ರಿಂದ 4 ಮಿ.ಮೀ. ಇರುತ್ತದೆ, ನಿಮ್ಮದನ್ನು ಅಳೆದೇ ಗುರುತಿಸಿ. ಸಡಿಲವಾಗುವುದಕ್ಕಿಂತ ಕೂದಲೆಳೆ ಬಿಗಿಯಾಗಿರಲಿ. ಎರಡನ್ನೂ ಒಂದರೊಳಗೊಂದು ಇಳಿಸಿದರೆ ಅಂಟೇ ಬೇಡ, ನಾಳೆ ಡ್ರಾಯರ್‌ನ ಸಾಮಾನು ಬದಲಾದರೆ ಪಟ್ಟಿಗಳನ್ನು ಬಿಚ್ಚಿ ಬೇರೆ ಕಡೆ ಸೀಳಿಕೊಳ್ಳಬಹುದು. ಅಂಚು ಬಿರುಸಾಗಿ ಕಂಡರೆ ಹಳೆಯ ಕ್ಯಾಲೆಂಡರಿನ ಪಟ್ಟಿಯನ್ನು ನಾರಿನ ದಿಕ್ಕಿಗೆ ಉದ್ದ ಕತ್ತರಿಸಿ, ಮಡಿಸಿ, ಬಿಳಿ ಅಂಟು ತೆಳ್ಳಗೆ ಸವರಿ ಅಂಚಿನ ಮೇಲೆ ಕೂರಿಸಿ.

ರಟ್ಟು ಕಟ್ಟರಿನ ತುದಿಯನ್ನು ಬೇಗ ಮೊಂಡು ಮಾಡುತ್ತದೆ, ಹಾಗಾಗಿ ನೋಟ್‌ಬುಕ್ ಮೊದಲು, ರಟ್ಟು ಆಮೇಲೆ. ಮುರಿದ ತುದಿಗಳನ್ನು ಕಸದ ಚೀಲಕ್ಕೆ ಹಾಗೇ ಹಾಕಬೇಡಿ, ಕಸ ಎತ್ತುವವರ ಕೈಗೆ ಚುಚ್ಚುತ್ತದೆ. ಖಾಲಿ ಮಾತ್ರೆ ಡಬ್ಬಿಯ ಮುಚ್ಚಳಕ್ಕೆ ಸೀಳು ಮಾಡಿ ಅದರೊಳಗೆ ಹಾಕುತ್ತ ಬನ್ನಿ. ತುಂಬಿದ ಮೇಲೆ ಮುಚ್ಚಳಕ್ಕೆ ಟೇಪ್ ಸುತ್ತಿ, ಒಳಗೆ ಬ್ಲೇಡ್ ಇದೆಯೆಂದು ದೊಡ್ಡದಾಗಿ ಬರೆದು ಕೊಡಿ.